ಕಾವೇರಿಯ ಕಲ್ಲುಸೇತುವೆಗಳು

ಸೇತು ಎಂಬ ಶಬ್ದವು ಬಂಧನಾರ್ಥಕವಾದ ಧಾತುವಿನಿಂದ ಹುಟ್ಟಿದುದು. ನೀರನ್ನು ಕಟ್ಟಿ ನಿಲ್ಲಿಸುವ ಏರಿಯೂ ಸೇತುವೇ. ದಡಕ್ಕೆ ದಡವನ್ನು ಬೆಸೆಯುವ ಹಾದಿಯೂ ಸೇತುವೇ. ಕೆರೆ ಬಾವಿಗಳನ್ನು ಕಟ್ಟಿಸುವುದನ್ನು ನಮ್ಮ ಹಿರಿಯರು ಪೂರ್ತಕರ್ಮವೆಂದು ಕೊಂಡಾಡಿದರು. ಹೊಳೆ ದಾಟಿಸುವುದೂ ಅದಕ್ಕೆ ಕಡಮೆಯಾದ ಪುಣ್ಯವಲ್ಲ. ಆದರೆ ನಮ್ಮ ಮಂಡ್ಯ ಜಿಲ್ಲೆಯ ಹಳೆಯ ಸೇತುವೆಗಳ ಮೇಲೆ ನಡೆದವರು ಅಸಂಖ್ಯಾತರು. ಅವುಗಳನ್ನು ಕಟ್ಟಿಸಿದವರ ಹೆಸರನ್ನು ಬಲ್ಲವರು ವಿರಳ.

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿಗೆ ಅಡ್ಡಲಾಗಿರುವ ಕಲ್ಲುಸೇತುವೆಯು 1804ರಲ್ಲಿ ಪೂರ್ಣವಾಯಿತು. ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು; ರಾಜ್ಯಭಾರವನ್ನು ನಡೆಸುತ್ತಿದ್ದವರು ದಿವಾನ್ ಪೂರ್ಣಯ್ಯನವರು. ಸೇತುವೆಯನ್ನು ಕಟ್ಟಿಸಿದವರು ಅವರೇ. ಹೆಸರು ಮಾತ್ರ ಅಂದಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯದು. 1799ರ ಯುದ್ಧದಲ್ಲಿದ್ದು ಅನಂತರ ಪಟ್ಟಣದಲ್ಲಿಯೇ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿಯು ಈತನ ತಮ್ಮನು. ಸೇತುವೆಯ ಹೆಸರು ತಮ್ಮನದಲ್ಲ, ಅಣ್ಣನದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇದರಲ್ಲಿ ಕಮಾನೆಂಬುದೇ ಇಲ್ಲ. ಸಾಲುಸಾಲಾಗಿ ನಿಲ್ಲಿಸಿದ ಶಿಲಾಸ್ತಂಭಗಳು, ಅವುಗಳ ತಲೆಯ ಮೇಲೆ ಬೋದಿಗೆಗಳು, ಬೋದಿಗೆಗಳ ಮೇಲೆ ಕಲ್ಲಿನ ತೊಲೆಗಳು. ದೇವಾಲಯದ ಮಂಟಪವನ್ನು ಕಂಡವರಿಗೆ ಈ ಕ್ರಮವು ಹೊಸದಲ್ಲ. ಮಂಟಪವನ್ನು ಕಟ್ಟಬಲ್ಲ ಕಲ್ಲುಕುಟಿಗನು ಅದೇ ವಿದ್ಯೆಯನ್ನು ಹೊಳೆಯ ನಡುವೆ ನಿಲ್ಲಿಸಿದನು. ಎರಡು ಶತಮಾನಗಳ ನೆರೆಯನ್ನು ಕಂಡೂ ಅದು ನಿಂತಿದೆ.

ಆದಿರಂಗದಿಂದ ಮಧ್ಯರಂಗಕ್ಕೆ ಬರೋಣ. ಮಳವಳ್ಳಿಯ ಸೀಮೆಗೆ ಸೇರಿಕೊಂಡಂತಿರುವ ಶಿವನಸಮುದ್ರದ ದ್ವೀಪವು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಾಡು ಬೆಳೆದು ಹಾಳಾಗಿದ್ದಿತು. ಪುರಾತನ ಸೇತುವೆಗಳು ಶಿಥಿಲವಾಗಿದ್ದುವು. ಮೈಸೂರಿನ ರೆಸಿಡೆಂಟರ ಬಳಿ ಉದ್ಯೋಗದಲ್ಲಿದ್ದ ತಿರುಚಿನಾಪಳ್ಳಿಯ ರಾಮಸ್ವಾಮಿ ಮುದಲಿಯಾರರು ಕಾಡನ್ನು ಕಡಿಸಿ, ದೇವಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿ, 1832ರ ಸುಮಾರಿಗೆ ನದಿಯ ಎರಡು ಕವಲುಗಳಿಗೂ ಕಲ್ಲುಸೇತುವೆಗಳನ್ನು ಕಟ್ಟಿಸಿದರು. ಅವರಿಗೆ ಜಹಗೀರಿಯೂ ಜನೋಪಕಾರಿಯೆಂಬ ಅರ್ಥದ ಬಿರುದೂ ದೊರೆತುವು. ಆದರೆ ಸೇತುವೆಗಳಿಗೆ ಸಂದ ಹೆಸರುಗಳು ಇಲ್ಲಿಯೂ ವೆಲ್ಲೆಸ್ಲಿಯದು, ಮದರಾಸಿನ ಗವರ್ನರ್ ಲಷಿಂಗ್ಟನ್ನನದು! ದ್ವೀಪದಾಚೆಯ ಕೊಳ್ಳೇಗಾಲವು 1956ರವರೆಗೆ ಮದರಾಸಿಗೆ ಸೇರಿದ್ದಿತು. ಆದಕಾರಣ ಇವು ದಡಗಳನ್ನಷ್ಟೇ ಅಲ್ಲ, ಎರಡು ರಾಜ್ಯಗಳ ಕನ್ನಡಿಗರನ್ನೂ ಬೆಸೆದುವು.

ಇಷ್ಟರಲ್ಲಿ ಕಟ್ಟುವ ರೀತಿಯೂ ಬದಲಾಯಿತು. 1850ರಲ್ಲಿ ಮದ್ದೂರಿನ ಬಳಿ ಶಿಂಷಾನದಿಗೆ ಇಟ್ಟಿಗೆಯ ಏಳು ಕಮಾನುಗಳ ಸೇತುವೆಯಾಯಿತು. ಕಂಬ ತೊಲೆಗಳ ಕಾಲವು ಅಲ್ಲಿಗೆ ಮುಗಿಯುತ್ತ ಬಂದಿತೆನ್ನಬಹುದು.

ಆಸ್ಟ್ರೇಲಿಯಾ ದೇಶದ ಬ್ರಿಸ್ಬೇನ್ ನಗರದಲ್ಲಿ ನದಿಯ ಮೇಲೆ 1940ರಲ್ಲಿ ತೆರೆದ ಸ್ಟೋರಿ ಸೇತುವೆ ಎಂಬುದೊಂದು ಉಕ್ಕಿನ ಸೇತುವೆಯುಂಟು. ಅದಕ್ಕೂ ಅಧಿಕಾರಿಯೊಬ್ಬನ ಹೆಸರೇ. 2005ರಲ್ಲಿ ಅಲ್ಲಿ ಹೊಸದೊಂದು ಪದ್ಧತಿಯು ಆರಂಭವಾಯಿತು. ತಂದೆತಾಯಿಗಳು ಮಕ್ಕಳೊಡನೆ ಸೊಂಟಕ್ಕೆ ಕಾಪಿನ ಪಟ್ಟಿಯನ್ನು ಬಿಗಿದುಕೊಂಡು, ಮಾರ್ಗದರ್ಶಿಯ ಹಿಂದೆ ಸಾಲಾಗಿ ಸೇತುವೆಯ ನೆತ್ತಿಯನ್ನೇರುತ್ತಾರೆ. ಏರುತ್ತಿರುವಾಗ ಆತನು ಅದರ ಕಥೆಯನ್ನು ಹೇಳುತ್ತಾನೆ. ಎತ್ತರದ ಸೊಗಸು ಇರಲಿ; ಕಟ್ಟಡದ ಮೇಲೆಯೇ ನಿಂತು ಅದರ ಚರಿತ್ರೆಯನ್ನು ಕೇಳುವುದೇ ನಾವು ಕಲಿಯತಕ್ಕ ಅಂಶ.

ನಮ್ಮ ಸೇತುವೆಗಳನ್ನು ಏರಬೇಕಾದುದಿಲ್ಲ. ಬೇಸಗೆಯಲ್ಲಿ ನೀರಿಳಿದಾಗ ದಡಕ್ಕೆ ಹೋಗಿ, ಕಂಬಗಳ ಸಾಲನ್ನು ನೋಡಿದರೆ ಸಾಕು. ಮನೆಯ ಹಿರಿಯರೇ ಮಾರ್ಗದರ್ಶಿಗಳಾಗಲಿ. ನೆರೆಯ ದಿನಗಳಲ್ಲಿ ಮಾತ್ರ ಹತ್ತಿರ ಸುಳಿಯಬಾರದು. ಈ ಮಾತಿನಲ್ಲಿ ಆತುರವೂ ಉಂಟು: ಜನರು ವೆಸ್ಲಿ ಸೇತುವೆ ಎನ್ನುವ ಶಿವನಸಮುದ್ರದ ಸೇತುವೆಯ ಒಂದು ಭಾಗವು 2018ರ ಪ್ರವಾಹದಲ್ಲಿ ಕುಸಿದುಹೋಯಿತು. ಬಿದ್ದ ಕಲ್ಲನ್ನು ಮತ್ತೆ ನಿಲ್ಲಿಸಲು ಸರ್ಕಾರದ ಹಣ ಬೇಕು. ಪೂರ್ಣಯ್ಯನವರ ಹೆಸರನ್ನೂ ಮುದಲಿಯಾರರ ಹೆಸರನ್ನೂ, ಹೆಸರಿಲ್ಲದೆ ದುಡಿದ ಕಲ್ಲುಕುಟಿಗರ ಕೈಚಳಕವನ್ನೂ ಮಕ್ಕಳಿಗೆ ತಿಳಿಸಲು ಒಂದು ಭಾನುವಾರವು ಸಾಕು.