ಒಂದು ಪ್ಲೇಟಿನ ಎರಡು ಮುಖ

ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಒಂದು ಸಂಜೆ ಬೆಂಗಳೂರು ದಂಡಿನ ಕಡೆ ಇರುವ ಗೆಳೆಯರೊಬ್ಬರ ಮನೆಗೆ ಹೋಗುವುದು ನನ್ನ ಹಳೆಯ ಪರಿಪಾಠ. ಅವರು ಮಂಗಳೂರಿನ ಕ್ರೈಸ್ತ ಮನೆತನದವರು. ಆದುದರಿಂದ ಆ ಸಂಜೆ ಎರಡು ತಟ್ಟೆಗಳು ತಪ್ಪುವುದಿಲ್ಲ. ಒಂದು, ನೆವ್ರಿ, ಕಿಡಿಯೊ, ಗುಳಿಯೊಗಳನ್ನು ಪೇರಿಸಿಟ್ಟ ಕುಸ್ವಾರಿನ ತಟ್ಟೆ. ಇನ್ನೊಂದು, ಮೂಲೆಯ ಮೇಜಿನ ಮೇಲೆ ತಿರುಗುವ ಹಾಡಿನ ತಟ್ಟೆ. ಮೊದಲನೆಯದರ ಬಗ್ಗೆ ನನ್ನದೇನೂ ತಕರಾರಿಲ್ಲ. ಎರಡನೆಯದು ಎಲ್ವಿಸ್ ಪ್ರೆಸ್ಲಿ ಹಾಡಿದ ಕ್ರಿಸ್‌ಮಸ್ ಹಾಡುಗಳದು. ಬಹಳ ವರ್ಷ ನಾನು ಅದನ್ನು ಕುಸ್ವಾರಿಗೆ ಸಲ್ಲಿಸಬೇಕಾದ ತೆರಿಗೆ ಎಂದೇ ಭಾವಿಸಿ ಕೇಳಿಸಿಕೊಳ್ಳುತ್ತಿದ್ದೆ. ಆಮೇಲೆ ಒಮ್ಮೆ, ಬೇರೇನನ್ನೋ ಹುಡುಕುತ್ತಿದ್ದಾಗ, ಆ ಪ್ಲೇಟಿನ ಚರಿತ್ರೆ ಕಣ್ಣಿಗೆ ಬಿತ್ತು. ಅಂದಿನಿಂದ ತೆರಿಗೆಯ ಭಾವನೆ ಹೋಯಿತು.

1957ರಲ್ಲಿ ಎಲ್ವಿಸನಿಗೆ 22 ವರ್ಷ. ಮಿಸಿಸಿಪ್ಪಿಯ ಟ್ಯೂಪೆಲೊ ಎಂಬ ಊರಿನ ಬಡ ಮನೆಯ ಹುಡುಗ, ಮೂರು ವರ್ಷದ ಹಿಂದೆ ಮೆಂಫಿಸ್ ನಗರದ ಒಂದು ಪುಟ್ಟ ಕಂಪನಿಗೆ ಮೊದಲ ಹಾಡು ಹಾಡಿದವನು, ಈಗ ಆರ್‌ಸಿಎ ವಿಕ್ಟರ್ ಕಂಪನಿಯ ಕಾಮಧೇನು. ಅವನು ಸೊಂಟ ತಿರುಗಿಸುವ ರೀತಿಗೆ ದೊಡ್ಡವರು ಕಂಗಾಲಾಗಿದ್ದರು. ಆ ವರ್ಷದ ಜನವರಿ 6ರಂದು ಎಡ್ ಸಲಿವಾನ್ ಅವರ ಟೆಲಿವಿಷನ್ ಕಾರ್ಯಕ್ರಮದಲ್ಲಿ ಕ್ಯಾಮೆರಾ ಅವನ ಸೊಂಟದಿಂದ ಕೆಳಗೆ ಇಳಿಯಲೇ ಇಲ್ಲ. ಹೀಗಿರುವ ಹುಡುಗ ಏಸುವಿನ ಹುಟ್ಟುಹಬ್ಬಕ್ಕೆ ಹಾಡುತ್ತಾನೆಂದರೆ ಗೃಹಸ್ಥರ ಎದೆ ಝಲ್ಲೆಂದದ್ದರಲ್ಲಿ ಆಶ್ಚರ್ಯವೇನು?

ಸೆಪ್ಟೆಂಬರ್ ಮೊದಲ ವಾರದಲ್ಲಿ ಹಾಲಿವುಡ್ಡಿನ ರೇಡಿಯೊ ರೆಕಾರ್ಡರ್ಸ್ ಎಂಬ ಸ್ಟುಡಿಯೋದಲ್ಲಿ ಮೂರು ದಿನ ಕೆಲಸ ನಡೆಯಿತು. ಹಿಮವಿರಲಿ, ಚಳಿಯ ಸುಳಿವೂ ಇಲ್ಲದ ಊರು, ಇಲ್ಲದ ತಿಂಗಳು. ಹಾಡು ಒಂದು ಕಡಿಮೆ ಬಿದ್ದಾಗ ಲೈಬರ್, ಸ್ಟೋಲರ್ ಎಂಬ ಜೋಡಿ ಅಲ್ಲಿಯೇ ಅವಸರದಲ್ಲಿ ಒಂದನ್ನು ಹೊಸೆದು ಕೊಟ್ಟಿತು. ಅದೇ ಪ್ಲೇಟಿನ ಮೊದಲ ಹಾಡಾಯಿತು. ಮೊದಲ ಮುಖದಲ್ಲಿ ಸಾಂಟಾಕ್ಲಾಸ್, ವಿರಹ, ಮನೆಗೆ ಮರಳುವ ಆಸೆ ಇಂಥ ಲೌಕಿಕದ ಹಾಡು ಆರು. ಎರಡನೆಯ ಮುಖದಲ್ಲಿ ಎರಡು ಹಳೆಯ ಕ್ರಿಸ್‌ಮಸ್ ಕೀರ್ತನೆ, ನಾಲ್ಕು ಭಕ್ತಿಗೀತೆ. ಈ ನಾಲ್ಕು ಹೊಸವಲ್ಲ. ವರ್ಷದ ಆದಿಯಲ್ಲಿ ಹಾಡಿ ಚಿಕ್ಕ ಪ್ಲೇಟಿನಲ್ಲಿ ಮಾರಿದ್ದನ್ನೇ ಕಂಪನಿಯವರು ಮಧ್ಯಾಹ್ನದ ಸಾರನ್ನು ರಾತ್ರಿಗೆ ಬಿಸಿಮಾಡಿ ಬಡಿಸುವ ಹಾಗೆ ಇಲ್ಲಿ ಬಡಿಸಿದ್ದರು. ಪ್ಲೇಟಿನ ಕೋಶವಂತೂ ಬಹಳ ವೈಭವದ್ದು. ಪುಸ್ತಕದಂತೆ ತೆರೆದುಕೊಳ್ಳುವುದು, ಒಳಗೆ ಬಣ್ಣದ ಚಿತ್ರಗಳು, ಮೇಲೆ ಯಾರಿಂದ ಯಾರಿಗೆ ಎಂದು ಬರೆದು ಕೊಡಲು ಹೊಂಬಣ್ಣದ ಚೀಟಿ.

ಅಕ್ಟೋಬರಿನಲ್ಲಿ ಅದು ಅಂಗಡಿಗೆ ಬಂತು. ರಂಪವೂ ಬೆನ್ನಿಗೇ ಬಂತು. ಮೊದಲ ಮುಖದ ಎರಡನೆಯ ಹಾಡು ‘ವೈಟ್ ಕ್ರಿಸ್‌ಮಸ್’. ಅದನ್ನು ಕಟ್ಟಿದವರು ಅರ್ವಿಂಗ್ ಬರ್ಲಿನ್. ತಮ್ಮ ಹಾಡನ್ನು ಈ ಹುಡುಗ ಕೆಡಿಸಿದನೆಂದು ಕೆರಳಿ, ಅದನ್ನು ಬಿತ್ತರಿಸಬೇಡಿರೆಂದು ಅವರು ರೇಡಿಯೋ ನಿಲಯಗಳಿಗೆ ಹೇಳಿಸಿದರು.

ಬರ್ಲಿನ್ ಯಾರೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. 1888ರಲ್ಲಿ ರಷ್ಯದ ಸಾಮ್ರಾಜ್ಯದಲ್ಲಿ ಹುಟ್ಟಿದ ಯಹೂದಿ. ತಂದೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಹಾಡುತ್ತಿದ್ದವರು. ಐದರ ಹರಯದಲ್ಲಿ ನ್ಯೂಯಾರ್ಕಿಗೆ ಬಂದು, ಹೋಟೆಲಿನಲ್ಲಿ ಬಡಿಸುತ್ತ ಹಾಡುತ್ತ ಮೇಲೆ ಬಂದರು. ಸ್ವರಲಿಪಿ ಓದಲು ಕೊನೆಯವರೆಗೂ ಬರಲಿಲ್ಲ. ಪಿಯಾನೋದ ಕರಿಯ ಮನೆಗಳ ಮೇಲೆ ಮಾತ್ರ ಅವರ ಬೆರಳು ಸಲೀಸಾಗಿ ಓಡುತ್ತಿತ್ತಂತೆ. ಅಂಥವರು ಬರೆದ ‘ವೈಟ್ ಕ್ರಿಸ್‌ಮಸ್’ ಅನ್ನು ಬಿಂಗ್ ಕ್ರಾಸ್ಬಿ 1942ರ ಮೇ ತಿಂಗಳಲ್ಲಿ, ಅದೂ ಬಿಸಿಲ ನಾಡಾದ ಲಾಸ್ ಏಂಜಲಿಸ್‌ನಲ್ಲಿಯೇ, ಹಾಡಿದರು. ಯುದ್ಧದ ಕಾಲ. ದೂರದ ದ್ವೀಪಗಳಲ್ಲಿ ಬೆವರುತ್ತಿದ್ದ ಸೈನಿಕರಿಗೆ ಅದು ಮನೆಯ ನೆನಪಿನ ಹಾಡಾಯಿತು. ಬೇಡಿಕೆ ಎಷ್ಟಿತ್ತೆಂದರೆ ಮೂಲ ಅಚ್ಚು ಸವೆದುಹೋಗಿ 1947ರಲ್ಲಿ ಕ್ರಾಸ್ಬಿ ಮತ್ತೊಮ್ಮೆ ಹಾಡಬೇಕಾಯಿತು.

ಇದರ ಹಿಂದೆ ಇನ್ನೊಂದು ಸಂಗತಿಯಿದೆ. 1928ರಲ್ಲಿ ಬರ್ಲಿನ್ನರಿಗೆ ಹುಟ್ಟಿದ ಗಂಡುಮಗು ಒಂದು ತಿಂಗಳು ತುಂಬುವ ಮೊದಲೇ, ಕ್ರಿಸ್‌ಮಸ್ ದಿನವೇ ತೀರಿಕೊಂಡಿತು. ಹೆಣ್ಣುಮಕ್ಕಳಿಗೋಸ್ಕರ ತಂದೆತಾಯಿಗಳು ವರ್ಷ ವರ್ಷವೂ ಹಬ್ಬ ಮಾಡುತ್ತಿದ್ದರು. ಮಕ್ಕಳು ದೊಡ್ಡವರಾದ ಮೇಲೆ ನಿಲ್ಲಿಸಿಬಿಟ್ಟರು. ಆ ದುಃಖವೇ ಈ ಹಾಡಾಯಿತೆಂದು ಹೇಳಲು ನಾನು ಸಿದ್ಧನಿಲ್ಲ. ಹಾಡು ಹುಟ್ಟುವುದು ಅಷ್ಟು ನೇರವಾಗಿ ಅಲ್ಲ. ಆದರೆ ಹಬ್ಬದ ದಿನ ಮಗುವನ್ನು ಕಳೆದುಕೊಂಡವನು ಬರೆದ ಹಬ್ಬದ ಹಾಡನ್ನು ಒಬ್ಬ ಹುಡುಗ ನಗುನಗುತ್ತ ಬಳುಕಿಸಿ ಹಾಡಿದರೆ, ಆ ಮುದುಕನಿಗೆ ಹೇಗಾಗಿರಬೇಡ?

ಹೀಗೆ ಬರ್ಲಿನ್ನರ ಪಕ್ಷ ವಹಿಸಿಕೊಂಡು ಎರಡು ದಿನ ಇದ್ದೆ. ಮೂರನೆಯ ದಿನ ಇನ್ನೊಂದು ಪ್ಲೇಟು ಸಿಕ್ಕಿ ನನ್ನ ವಕೀಲಿ ಮುರಿದುಬಿತ್ತು. ಎಲ್ವಿಸ್ ಹಾಡಿದ ಧಾಟಿ ಅವನದಲ್ಲವೇ ಅಲ್ಲ. 1954ರಲ್ಲಿ ಡ್ರಿಫ್ಟರ್ಸ್ ಎಂಬ ಕರಿಯ ಗಾಯಕರ ತಂಡ, ಬಿಲ್ ಪಿಂಕ್ನಿಯ ಮಂದ್ರ, ಕ್ಲೈಡ್ ಮ್ಯಾಕ್‌ಫ್ಯಾಟರನ ತಾರ ಎರಡನ್ನೂ ಕೂಡಿಸಿ ಹೀಗೆಯೇ ಹಾಡಿತ್ತು. ಎಲ್ವಿಸ್ ಅದನ್ನು ಗಮಕ ಗಮಕವಾಗಿ ಅನುಸರಿಸಿದ್ದಾನೆ. ಅದರ ಮೇಲೆ ಇಂಥ ರಂಪವೇಳಲಿಲ್ಲ. ಕರಿಯರ ಹಾಡು ಹೆಚ್ಚಾಗಿ ಕರಿಯರ ರೇಡಿಯೋಗಳಲ್ಲಿ, ಅವರ ಬೀದಿಗಳಲ್ಲಿ ಕೇಳಿಬರುತ್ತಿದ್ದ ಕಾಲ ಅದು. ಮೈಲಿಗೆ ಪಕ್ಕದ ಕೇರಿಯಲ್ಲಿದ್ದಷ್ಟು ದಿನ ಯಾರಿಗೂ ತೊಂದರೆಯಿಲ್ಲ. ನಡುಮನೆಗೆ ಬಂದಾಗ ಗದ್ದಲ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಾನೂನಿನ ಮಾತು. ಅಮೆರಿಕದ 1909ರ ಹಕ್ಕುಸ್ವಾಮ್ಯದ ಶಾಸನದಂತೆ, ಒಂದು ಹಾಡು ಒಮ್ಮೆ ಒಡೆಯನ ಒಪ್ಪಿಗೆಯಿಂದ ಪ್ಲೇಟಿಗೆ ಬಂದಮೇಲೆ ಬೇರೆಯವರು ಹಾಡುವುದನ್ನು ಅವನು ತಡೆಯುವಂತಿಲ್ಲ. ಪ್ರತಿಯೊಂದಕ್ಕೆ 2 ಸೆಂಟು ತೆತ್ತರೆ ಸಾಕು. ಬರ್ಲಿನ್ನರ ಹಾಡುಗಳಿಗೆ ಅವರದೇ ಪ್ರಕಾಶನ ಸಂಸ್ಥೆ. ಎಂದಮೇಲೆ, ಅವರು ನಿಲ್ಲಿಸಬೇಕೆಂದಿದ್ದ ಪ್ಲೇಟು ಮಾರಾಟವಾದಾಗಲೆಲ್ಲ ಅವರ ಗಲ್ಲಾಪೆಟ್ಟಿಗೆಯೇ ಸದ್ದು ಮಾಡುತ್ತಿತ್ತು. ಕೆನಡಾದ ಹಲವು ನಿಲಯಗಳು ಹಾಡನ್ನು ದೂರವಿಟ್ಟವು. ಅಮೆರಿಕದ ಹೆಚ್ಚಿನವು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಪ್ಲೇಟು 4 ವಾರ ಮೊದಲ ಸ್ಥಾನದಲ್ಲಿತ್ತು.

ಈ ಜಗಳದ ಗದ್ದಲದಲ್ಲಿ ಯಾರೂ ಎರಡನೆಯ ಮುಖದ ಮಾತೆತ್ತುವುದಿಲ್ಲ. ನನ್ನ ಮನಸ್ಸು ನಿಂತದ್ದು ಅಲ್ಲಿ. ಆ ನಾಲ್ಕು ಭಕ್ತಿಗೀತೆಗಳಲ್ಲಿ ಎರಡು, ‘ಪೀಸ್ ಇನ್ ದ ವ್ಯಾಲಿ’ ಮತ್ತು ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’, ಥಾಮಸ್ ಡಾರ್ಸಿ ಎಂಬ ಕರಿಯ ಸಂಗೀತಗಾರರವು. 1899ರಲ್ಲಿ ಜಾರ್ಜಿಯದಲ್ಲಿ ಹುಟ್ಟಿದವರು. ತಾರುಣ್ಯದಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಿಂದ ಪೋಲಿ ಪದಗಳನ್ನೂ ಬಾರಿಸಿ ಹಾಡಿದವರು. ಆಮೇಲೆ ಅದೇ ಬ್ಲೂಸ್ ಧಾಟಿಯಲ್ಲಿ ದೇವರ ಹಾಡು ಕಟ್ಟಿದಾಗ ಎಷ್ಟೋ ಚರ್ಚುಗಳು ಅವರನ್ನು ಹೊರಗೆ ಕಳಿಸಿದವು. ಎಲ್ವಿಸನ ಮೇಲೆ ಹೊರಿಸಿದ ಅಪರಾಧವನ್ನೇ ಇಪ್ಪತ್ತೈದು ವರ್ಷ ಮೊದಲು ಇವರ ಮೇಲೆ ಹೊರಿಸಿದ್ದರು.

1932ರ ಆಗಸ್ಟ್. ತುಂಬು ಗರ್ಭಿಣಿ ಹೆಂಡತಿ ನೆಟ್ಟಿಯನ್ನು ಶಿಕಾಗೋದಲ್ಲಿ ಬಿಟ್ಟು ಡಾರ್ಸಿ ಸೇಂಟ್ ಲೂಯಿಸ್ ನಗರಕ್ಕೆ ಹಾಡಲು ಹೋದರು. ಅಲ್ಲಿಗೇ ತಂತಿ ಬಂತು. ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಿದ್ದಳು. ಹಿಂದಿರುಗಿದರೆ, ಹುಟ್ಟಿದ ಗಂಡುಮಗುವೂ ಉಳಿಯಲಿಲ್ಲ. ಕೆಲವು ದಿನಗಳ ಮೇಲೆ ಪಿಯಾನೋದ ಮುಂದೆ ಕುಳಿತಾಗ, ಹಳೆಯ ಕೀರ್ತನೆಯೊಂದರ ಧಾಟಿಯ ಮೇಲೆ, ಕೈಹಿಡಿದು ನಡೆಸೆಂದು ದೇವರನ್ನು ಬೇಡುವ ಈ ಹಾಡು ಬಂತು. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಅತ್ಯಂತ ಪ್ರಿಯವಾದ ಹಾಡು ಇದೇ. 1968ರಲ್ಲಿ ಅವರ ಅಂತ್ಯಸಂಸ್ಕಾರದಲ್ಲಿ ಮಹಾಲಿಯಾ ಜಾಕ್ಸನ್ ಇದನ್ನು ಹಾಡಿದರು.

ಅಂದರೆ ಪ್ಲೇಟಿನ ಆ ಮುಖದಲ್ಲಿ ಒಬ್ಬ, ಈ ಮುಖದಲ್ಲಿ ಒಬ್ಬ, ಮಗುವನ್ನು ಕಳೆದುಕೊಂಡ ಇಬ್ಬರು ತಂದೆಯರು. ಇದು ಕಂಪನಿಯವರಿಗೆ ಹೊಳೆದಿರಲಾರದು. ಅವರು ಸಾರು ಬಿಸಿಮಾಡುವುದರಲ್ಲಿದ್ದರು. ಎಲ್ವಿಸನ ಕಂಠವೂ ಇಲ್ಲಿ ಬೇರೆ. ಚಿಕ್ಕಂದಿನಲ್ಲಿ ಟ್ಯೂಪೆಲೊದ ಚರ್ಚಿನಲ್ಲಿ ಕೇಳಿ ಬೆಳೆದವನಿಗೆ ಭಕ್ತಿಗೀತೆಯೆಂಬುದು ವೇಷವಲ್ಲ. ಬಳುಕು ಇಲ್ಲ, ಚೇಷ್ಟೆ ಇಲ್ಲ. ಸೊಂಟದಿಂದ ಕೆಳಗೆ ತೋರಿಸದ ಆ ಕಾರ್ಯಕ್ರಮದಲ್ಲಿ ಅವನು ಕೊನೆಗೆ ಹಾಡಿದ್ದೂ ಡಾರ್ಸಿಯವರ ‘ಪೀಸ್ ಇನ್ ದ ವ್ಯಾಲಿ’ಯನ್ನೇ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಕಳೆದ ಡಿಸೆಂಬರಿನಲ್ಲಿ ಗೆಳೆಯರ ಮನೆಗೆ ಹೋದೆ. ಕುಸ್ವಾರನ್ನು ಮುಟ್ಟದೆ, “ಮೊದಲು ಆ ಇನ್ನೊಂದು ಮುಖ ಹಾಕಿ” ಎಂದೆ. ಅವರಿಗೆ ಆಶ್ಚರ್ಯ. ಪ್ಲೇಟು ತಿರುವಿ ಹಾಕಿದರು. ಒಂದು ಹಾಡು ಮುಗಿಯಿತು, ಇನ್ನೊಂದು, ಮತ್ತೊಂದು. ಡಾರ್ಸಿ ಬರಲಿಲ್ಲ. ಕೋಶವನ್ನು ಈಸಿಕೊಂಡು ಬೆಳಕಿಗೆ ಹಿಡಿದೆ. ಮಗಳು ಅಮೆರಿಕದಿಂದ ತಂದುಕೊಟ್ಟ ಆ ಪ್ಲೇಟು 1970ರ ಆವೃತ್ತಿ. ಕ್ಯಾಮ್ಡೆನ್ ಎಂಬ ಅಗ್ಗದ ಮಾಲಿಕೆಯದು. ಅದರಲ್ಲಿ ನಾಲ್ಕೂ ಭಕ್ತಿಗೀತೆಗಳನ್ನು ತೆಗೆದು, ಬೇರೆ ಎರಡು ಹಾಡು ಸೇರಿಸಿದ್ದಾರೆ. ಅಮೆರಿಕದಲ್ಲಿ ಒಂದು ಕೋಟಿ ದಾಟಿ ಮಾರಾಟವಾಗಿ ಮನೆಮನೆ ಸೇರಿದ್ದು ಈ ಆವೃತ್ತಿಯೇ. ‘ವೈಟ್ ಕ್ರಿಸ್‌ಮಸ್’ ಅದರಲ್ಲಿ ಭದ್ರವಾಗಿದೆ.

“ಹನ್ನೆರಡು ಹಾಡು ಇರಬೇಕಾಗಿತ್ತಲ್ಲ?” ಎಂದೆ.

“ಹತ್ತೇ ರಾಯರೇ, ನಾನು ಕಂಡಂತೆ ಯಾವಾಗಲೂ ಹತ್ತೇ” ಎಂದು ಗೆಳೆಯರು ನೆವ್ರಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು.