ಅಗಸ್ಟೀನಿಯ ಮಠದ ಸಮಾಧಿಭೂಮಿ, ಕೇಂಬ್ರಿಜ್

ಇಂಗ್ಲೆಂಡಿನ ಕೇಂಬ್ರಿಜ್ ನಗರದ ನಡುಭಾಗದಲ್ಲಿ, ವಿಶ್ವವಿದ್ಯಾನಿಲಯದ ನ್ಯೂ ಮ್ಯೂಸಿಯಮ್ಸ್ ನಿವೇಶನದ ಕಟ್ಟಡಗಳ ಅಡಿಯಲ್ಲಿ ಹುದುಗಿದ್ದ, ಮಧ್ಯಯುಗದ ಯಾಚಕ ಸನ್ಯಾಸಿಗಳ ಸಮಾಧಿಭೂಮಿ. 1280ರ ದಶಕದಲ್ಲಿ ಅಲ್ಲಿ ನೆಲೆಗೊಂಡು, 1538ರಲ್ಲಿ ಎಂಟನೆಯ ಹೆನ್ರಿಯ ಕಾಲದ ಮಠವಿಸರ್ಜನೆಯಲ್ಲಿ ಅಳಿದುಹೋದ ಅಗಸ್ಟೀನಿಯ ಮಠಕ್ಕೆ ಇದು ಸೇರಿತ್ತು. 2016ರ ತರುವಾಯ ಇಲ್ಲಿ ನಡೆದ ಉತ್ಖನನದಿಂದ ದೊರೆತ ಅಸ್ಥಿಗಳು, ಮಠವಾಸಿಗಳ ನಿಯಮಗ್ರಂಥಗಳಲ್ಲಿ ಕಾಣುವ ಜೀವನಕ್ಕೂ ಅವರು ವಾಸ್ತವವಾಗಿ ಬಾಳಿದ ಜೀವನಕ್ಕೂ ಇದ್ದ ಅಂತರವನ್ನು ಅಳೆಯಲು ಅಪರೂಪದ ಸಾಧನಗಳಾಗಿವೆ.

ಊರಿನಿಂದ ದೂರವಾಗಿ, ಸ್ವಂತ ಭೂಮಿಕಾಣಿಗಳ ಆದಾಯದಿಂದ ಬದುಕುತ್ತಿದ್ದ ಪ್ರಾಚೀನ ಸನ್ಯಾಸಿಸಂಘಗಳಿಗೂ, ಜನನಿಬಿಡವಾದ ಪೇಟೆಗಳಲ್ಲಿಯೇ ನೆಲಸಿ ಉಪದೇಶ ಮತ್ತು ಭಿಕ್ಷೆಗಳನ್ನು ಅವಲಂಬಿಸಿದ್ದ ಯಾಚಕ ಸಂಘಗಳಿಗೂ ಇದ್ದ ಭೇದವನ್ನು ಇಲ್ಲಿ ನೆನೆಯತಕ್ಕದ್ದು. ಫ್ರಾನ್ಸಿಸ್ಕನ್, ಡೊಮಿನಿಕನ್, ಕಾರ್ಮೆಲೈಟ್ ಮತ್ತು ಅಗಸ್ಟೀನಿಯ ಎಂಬ ನಾಲ್ಕು ಮುಖ್ಯ ಯಾಚಕ ಸಂಘಗಳ ಪೈಕಿ ಕಡೆಯದು, ಇಟಲಿಯ ಹಲವು ತಪಸ್ವಿಗಳ ಗುಂಪುಗಳನ್ನು ನಾಲ್ಕನೆಯ ಅಲೆಗ್ಸಾಂಡರ್ ಪೋಪನು 1256ರಲ್ಲಿ ಒಂದುಗೂಡಿಸಿದುದರಿಂದ ರೂಪುಗೊಂಡಿತು. ವಿದ್ಯಾಪೀಠವಿದ್ದ ಕೇಂಬ್ರಿಜ್ ಇವರನ್ನು ಸೆಳೆದುದು ಸಹಜವೇ. ನಿರಕ್ಷರಕುಕ್ಷಿಗಳೇ ಬಹುಸಂಖ್ಯಾತರಾಗಿದ್ದ ಸಮಾಜದಲ್ಲಿ ಓದುಬರಹ ಬಲ್ಲ ಈ ಸನ್ಯಾಸಿಗಳು ಪಟ್ಟಣದ ಗಣ್ಯರಲ್ಲಿಯೇ ಎಣಿಸಲ್ಪಡುತ್ತಿದ್ದರು. ಮಠದ ಕೊನೆಯ ದಶಕಗಳಲ್ಲಿ ಇಲ್ಲಿನ ಅಧ್ಯಕ್ಷನಾಗಿದ್ದ ರಾಬರ್ಟ್ ಬಾರ್ನ್ಸ್, 1525ರ ಕ್ರಿಸ್ಮಸ್ ಮುನ್ನಾದಿನ ಸಮೀಪದ ಸಂತ ಎಡ್ವರ್ಡನ ಇಗರ್ಜಿಯಲ್ಲಿ ಸುಧಾರಣಾವಾದದ ಉಪದೇಶ ಮಾಡಿ ಅಧಿಕಾರಿಗಳ ಕೋಪಕ್ಕೆ ಪಾತ್ರನಾದನು. 1540ರಲ್ಲಿ ಲಂಡನ್ನಿನಲ್ಲಿ ಅವನನ್ನು ಸಜೀವವಾಗಿ ಸುಡಲಾಯಿತು.

ಮಠದ ಆವರಣದಲ್ಲಿ ಹೂಳಲ್ಪಟ್ಟವರೆಲ್ಲರೂ ಸನ್ಯಾಸಿಗಳಲ್ಲ. ಸನ್ಯಾಸಿಗಳ ನಿತ್ಯಪ್ರಾರ್ಥನೆಯ ನೆರಳಿನಲ್ಲಿ ಮಣ್ಣಾದರೆ ಆತ್ಮಕ್ಕೆ ಸದ್ಗತಿ ಶೀಘ್ರವಾಗಿ ಲಭಿಸುವುದೆಂಬ ನಂಬಿಕೆಯಿಂದ ಗೃಹಸ್ಥರೂ ದಾನದತ್ತಿಗಳನ್ನಿತ್ತು ಅಲ್ಲಿ ಸ್ಥಳ ಬೇಡುತ್ತಿದ್ದರು. ಹೂಳುವ ಶುಲ್ಕ ತಪ್ಪಿಹೋದ ಊರಿನ ಪಾದ್ರಿಗಳಿಗೆ ಇದು ಹೊಟ್ಟೆಕಿಚ್ಚಿನ ವಿಷಯವಾದುದರಲ್ಲಿ ಆಶ್ಚರ್ಯವಿಲ್ಲ. ಎಂಟನೆಯ ಬಾನಿಫೇಸ್ ಪೋಪನು 1300ರಲ್ಲಿ ಹೊರಡಿಸಿದ ಶಾಸನವೊಂದು, ಇಂಥ ಶವಸಂಸ್ಕಾರಗಳಿಂದ ಬಂದ ಆದಾಯದ ನಾಲ್ಕನೆಯ ಒಂದು ಪಾಲು ಊರಿನ ಪಾದ್ರಿಗೆ ಸಲ್ಲತಕ್ಕದ್ದೆಂದು ವಿಧಿಸಿ ಈ ವ್ಯಾಜ್ಯವನ್ನು ಶಮನಗೊಳಿಸಲು ಯತ್ನಿಸಿತು.

ಮಠ ಅಳಿದ ಮೇಲೆ ನೆಲ ಕೈಯಿಂದ ಕೈಗೆ ದಾಟಿತು. 1762ರಲ್ಲಿ ಇಲ್ಲಿ ವಿಶ್ವವಿದ್ಯಾನಿಲಯದ ಸಸ್ಯೋದ್ಯಾನ ತಲೆಯೆತ್ತಿತು. ಅದು ಊರಾಚೆಗೆ ಸ್ಥಳಾಂತರಗೊಂಡ ಬಳಿಕ ವಸ್ತುಸಂಗ್ರಹಾಲಯಗಳೂ ಪ್ರಯೋಗಶಾಲೆಗಳೂ ಎದ್ದವು. ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಕ್ಯಾವೆಂಡಿಷ್ ಪ್ರಯೋಗಾಲಯ ಇದೇ ನಿವೇಶನದಲ್ಲಿತ್ತು. ಇಂಗ್ಲೆಂಡಿನ ಪಟ್ಟಣಗಳಲ್ಲಿ ಹಳೆಯ ನೆಲ ಬೆಳಕಿಗೆ ಬರುವುದು ಬಹುಮಟ್ಟಿಗೆ ಹೊಸ ಕಟ್ಟಡದ ನೆಪದಿಂದ: 1990ರಲ್ಲಿ ಜಾರಿಗೆ ಬಂದ ಸರ್ಕಾರಿ ನಿರ್ದೇಶನದ ತರುವಾಯ, ಕಟ್ಟುವವನೇ ಉತ್ಖನನದ ವೆಚ್ಚವನ್ನು ಭರಿಸುವುದು ವಾಡಿಕೆಯಾಯಿತು, ಮಾನವ ಅಸ್ಥಿಗಳನ್ನು ಎತ್ತುವುದಕ್ಕೆ 1857ರ ಶವಸಂಸ್ಕಾರ ಕಾಯಿದೆಯ ಪ್ರಕಾರ ಪ್ರತ್ಯೇಕ ಅನುಮತಿಪತ್ರವೂ ಬೇಕು. ಕೇಂಬ್ರಿಜ್ ಪುರಾತತ್ತ್ವ ಘಟಕವು ಇಲ್ಲಿ ಅಗೆದುದೂ ವಿಶ್ವವಿದ್ಯಾನಿಲಯದ ನೂತನ ಕಟ್ಟಡದ ಸಲುವಾಗಿಯೇ.

ಬತ್ತಲೆ ಎಲುಬು ತಾನು ಸನ್ಯಾಸಿಯದೋ ಗೃಹಸ್ಥನದೋ ಎಂದು ಹೇಳಲಾರದು. ಕ್ರೈಸ್ತ ಸಂಪ್ರದಾಯದಂತೆ ಶವದೊಡನೆ ವಸ್ತುಗಳನ್ನಿಡುವ ಪದ್ಧತಿ ಇರಲಿಲ್ಲ. ಸಾಮಾನ್ಯ ಜನರನ್ನು ಬರಿಯ ಬಟ್ಟೆಯಲ್ಲಿ ಸುತ್ತಿ, ಪಶ್ಚಿಮಕ್ಕೆ ತಲೆಯಿರುವಂತೆ ಮಲಗಿಸುತ್ತಿದ್ದರು. ಆದರೆ ಅಗಸ್ಟೀನಿಯರು ತಮ್ಮ ಕಪ್ಪು ನಿಲುವಂಗಿಯ ಮೇಲೆ ಚರ್ಮದ ನಡುಪಟ್ಟಿ ಬಿಗಿದು, ಆ ವೇಷದಲ್ಲಿಯೇ ಹೂಳಲ್ಪಡುತ್ತಿದ್ದರು. ಬಟ್ಟೆಯೂ ಚರ್ಮವೂ ಕೊಳೆತುಹೋದರೂ ಪಟ್ಟಿಯ ಲೋಹದ ಬಕಲ್ ಸೊಂಟದೆಲುಬಿನ ಬಳಿ ಉಳಿದು, ಇಂತಿಂಥವರು ಸನ್ಯಾಸಿಗಳೆಂದು ನಿರ್ಣಯಿಸಲು ಆಧಾರವಾಯಿತು. ಮುಂದಿನ ಸಂಶೋಧನೆಯೆಲ್ಲ ಈ ಅಲ್ಪವಸ್ತುವನ್ನೇ ಆಶ್ರಯಿಸಿದೆ.

ಪಿಯರ್ಸ್ ಮಿಚೆಲ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂಶೋಧನೆಗಳಲ್ಲಿ ಅತ್ಯಂತ ಕುತೂಹಲಕಾರಿಯಾದುದು. ಕರುಳು ಕರಗಿಹೋದರೂ ಅದರೊಳಗಿದ್ದ ಜಂತುಹುಳುಗಳ ಮೊಟ್ಟೆಗಳು ಗಟ್ಟಿಯಾದ ಹೊರಪದರದ ಬಲದಿಂದ ಮಣ್ಣಿನಲ್ಲಿ ಶತಮಾನಗಳ ಕಾಲ ಉಳಿಯಬಲ್ಲವು. ಆದಕಾರಣ ಅಸ್ಥಿಪಂಜರಗಳ ಕಟಿಭಾಗದ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಸುತ್ತಣ ನೆಲವೇ ಕಲುಷಿತವಾಗಿತ್ತೇ ಎಂಬ ಸಂಶಯ ನಿವಾರಣೆಗಾಗಿ ತಲೆ ಮತ್ತು ಪಾದಗಳ ಬಳಿಯ ಮಣ್ಣನ್ನೂ ನೋಡಲಾಯಿತು. 19 ಸನ್ಯಾಸಿಗಳಲ್ಲಿ 11 ಮಂದಿಯಲ್ಲಿ, ಎಂದರೆ ಶೇಕಡ 58ರಲ್ಲಿ, ಹುಳುಗಳ ಮೊಟ್ಟೆಗಳು ಕಂಡವು. ಅದೇ ನಗರದ ಬಡವರ ಕೇರಿಯಲ್ಲಿದ್ದ ಆಲ್ ಸೇಂಟ್ಸ್ ಇಗರ್ಜಿಯ ಸಮಾಧಿಭೂಮಿಯ 25 ಜನರಲ್ಲಿ 8 ಮಂದಿಯಲ್ಲಿ ಮಾತ್ರ. ಬಹುಪಾಲು ದುಂಡುಹುಳು, ಕೆಲವು ಚಾವಟಿಹುಳು. ಮಠಗಳಲ್ಲಿ ಕಟ್ಟಿಸಿದ ಶೌಚಗೃಹಗಳೂ ಕೈತೊಳೆಯುವ ತೊಟ್ಟಿಗಳೂ ಇರುತ್ತಿದ್ದುವು; ಬಡವರಿಗೆ ಹಿತ್ತಿಲ ಗುಂಡಿಯೇ ಗತಿ. ಹೀಗಿದ್ದೂ ಸನ್ಯಾಸಿಗಳೇ ಹೆಚ್ಚು ಪೀಡಿತರಾದುದಕ್ಕೆ, ಶೌಚಗುಂಡಿಯ ಮಲವನ್ನೋ ಹೊರಗಿನಿಂದ ಕೊಂಡ ಅಂಥದೇ ಗೊಬ್ಬರವನ್ನೋ ತರಕಾರಿತೋಟಕ್ಕೆ ಹಾಕುತ್ತಿದ್ದುದು ಕಾರಣವಿರಬಹುದೆಂದು ಸಂಶೋಧಕರು ಊಹಿಸಿದ್ದಾರೆ. ಊಹೆ ಸಮಂಜಸವಾದುದೇ, ಆದರೆ ಪ್ರಮಾಣಸಿದ್ಧವಲ್ಲ. ರೋಗದ ಅರಿವು ಆ ಕಾಲಕ್ಕೆ ಇರಲಿಲ್ಲವೆಂದಲ್ಲ: 1361ರಲ್ಲಿ ತೀರಿಕೊಂಡ ಕೇಂಬ್ರಿಜ್‌ನ ವೈದ್ಯ ಜಾನ್ ಸ್ಟಾಕ್ಟನ್ ಪೀಟರ್‌ಹೌಸ್ ಕಾಲೇಜಿಗೆ ಬಿಟ್ಟುಹೋದ ಹಸ್ತಪ್ರತಿಯಲ್ಲಿ ಕರುಳಿನ ಹುಳುಗಳ ಕುರಿತೇ ಒಂದು ಪ್ರಕರಣವಿದೆ.

ಪಾದಗಳ ಕಥೆಯೂ ಸ್ವಾರಸ್ಯಕರ. ಕಾಲಿನ ಹೆಬ್ಬೆರಳು ಪಕ್ಕದ ಬೆರಳುಗಳತ್ತ ವಾಲಿ ಬುಡದಲ್ಲಿ ಗಂಟುಕಟ್ಟುವ ವಿಕಾರವು ಬಹುಮಟ್ಟಿಗೆ ಬಿಗಿಯಾದ ಪಾದರಕ್ಷೆಯ ಫಲ. 14ನೆಯ ಶತಮಾನದಲ್ಲಿ ಚೂಪುಮೂತಿಯ ಜೋಡುಗಳು ಶೋಕಿಯ ಲಾಂಛನವಾಗಿ ಹಬ್ಬಿದಾಗ ಈ ವಿಕಾರವೂ ಹೆಚ್ಚಿತೆಂದು ಕೇಂಬ್ರಿಜ್ ಪ್ರದೇಶದ 177 ಅಸ್ಥಿಪಂಜರಗಳ ಪರಿಶೀಲನೆಯಿಂದ 2021ರಲ್ಲಿ ತಿಳಿದುಬಂತು: 11ರಿಂದ 13ನೆಯ ಶತಮಾನದವರಲ್ಲಿ ಶೇಕಡ 6 ಇದ್ದುದು, 14 ಮತ್ತು 15ನೆಯ ಶತಮಾನದವರಲ್ಲಿ ಶೇಕಡ 27ಕ್ಕೆ ಏರಿತ್ತು. ಪರೀಕ್ಷೆಗೊಳಗಾದ ಅಗಸ್ಟೀನಿಯ ಸನ್ಯಾಸಿಗಳು ಹನ್ನೊಂದು ಮಂದಿ; ಅವರಲ್ಲಿ ಐವರಿಗೆ ಈ ವಿಕಾರವಿತ್ತು. ಪಾದ್ರಿಗಳು ಚೂಪುಮೂತಿಯ ಜೋಡುಗಳನ್ನು ಮೆಟ್ಟಕೂಡದೆಂದು 1215ರ ಲ್ಯಾಟರನ್ ಮಹಾಸಭೆ ಸ್ಪಷ್ಟವಾಗಿ ನಿಷೇಧಿಸಿದ್ದಿತಾದರೂ, ದಾರಿದ್ರ್ಯವ್ರತವನ್ನು ಕೈಕೊಂಡವರ ಕಾಲುಗಳು ಬೇರೆಯೇ ಸಾಕ್ಷ್ಯ ನುಡಿಯುತ್ತಿವೆ.

ಮೂಳೆಮುರಿತಗಳ ಸಮೀಕ್ಷೆಯಲ್ಲಿ ಆಲ್ ಸೇಂಟ್ಸ್‌ನವರಲ್ಲಿ ಶೇಕಡ 44, ಮಠದಲ್ಲಿ ಹೂಳಲ್ಪಟ್ಟವರಲ್ಲಿ ಶೇಕಡ 32, ಅದೇ ನಗರದ ಸಂತ ಜಾನನ ಧರ್ಮಾಸ್ಪತ್ರೆಯವರಲ್ಲಿ ಶೇಕಡ 27 ಮಂದಿಗೆ ಮುರಿತಗಳಿದ್ದುವು. ಈ ವ್ಯತ್ಯಾಸಕ್ಕೆ ದೈಹಿಕ ದುಡಿಮೆಯೇ ಮುಖ್ಯ ಕಾರಣವಿರಬಹುದು. ಆದರೂ ಎಲ್ಲರಿಗಿಂತ ಭೀಕರವಾದ ಗಾಯ ಕಂಡುಬಂದುದು ಬಕಲ್ ಧರಿಸಿದ್ದ ಒಬ್ಬ ಸನ್ಯಾಸಿಯಲ್ಲಿ: ಎರಡು ತೊಡೆಯೆಲುಬುಗಳೂ ನಡುವೆಯೇ ತುಂಡಾಗಿದ್ದುವು, ಬಹುಶಃ ಬಂಡಿಯೊಂದರ ಹೊಡೆತದಿಂದ.

ಈ ಅಂಕಿಗಳನ್ನು ಬಳಸುವಾಗ ಎಚ್ಚರಿಕೆ ಅವಶ್ಯ. ಹತ್ತೊಂಬತ್ತು ಜನರಲ್ಲಿ ಇಬ್ಬರು ಮೂವರು ಅತ್ತಿತ್ತಲಾದರೂ ಶೇಕಡಾವಾರು ಪ್ರಮಾಣ ಬಹಳವಾಗಿ ಬದಲಾದೀತು. ಮಣ್ಣಿನಲ್ಲಿ ನಶಿಸಿದ ಮೊಟ್ಟೆಗಳ ಲೆಕ್ಕ ಸಿಕ್ಕದು. ಬಕಲ್ ಇಲ್ಲದವರೆಲ್ಲ ಗೃಹಸ್ಥರೇ ಎಂಬ ನಿರ್ಧಾರಕ್ಕೂ ಆಧಾರವಿಲ್ಲ, ಏಕೆಂದರೆ ಪಟ್ಟಿಯಿಲ್ಲದೆ ಮಣ್ಣಾದ ಸನ್ಯಾಸಿಯೂ ಅವರ ನಡುವೆ ಇರಬಹುದು.