ದೂರು ಕೇಳುವವರನ್ನು ಆರಿಸುವವರು ಯಾರು?

ಸಂಜೆಯಾಗುತ್ತಲೇ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟಿಗೆ ಬೀಗ ಬೀಳುತ್ತದೆ. ಒಳಗೆ ಬಂದವರು ರಿಜಿಸ್ಟರಿನಲ್ಲಿ ಹೆಸರು, ಹೊತ್ತು ಬರೆದು ಸಹಿ ಹಾಕಬೇಕು. ತಡವಾದರೆ ವಾರ್ಡನ್ ಮನೆಗೆ ಫೋನ್ ಮಾಡುತ್ತಾರೆ. ಕ್ಯಾಂಪಸ್ಸಿನಲ್ಲಿ ಲೈಂಗಿಕ ದೌರ್ಜನ್ಯ ತಡೆಯಲು ನಮ್ಮ ದೇಶ ಬಹುಕಾಲ ನೆಚ್ಚಿಕೊಂಡದ್ದು ಈ ಬೀಗವನ್ನು. ಅಪಾಯ ಇರುವುದು ಹೊರಗೆ, ಕತ್ತಲಲ್ಲಿ, ಗುರುತಿಲ್ಲದವನ ಕೈಯಲ್ಲಿ ಎಂಬ ನಂಬಿಕೆ ಅದರ ಹಿಂದಿದೆ. ಪ್ರಯೋಗಾಲಯದಲ್ಲಿ ಪಕ್ಕದಲ್ಲೇ ನಿಂತವನಿಂದ, ಪ್ರಬಂಧಕ್ಕೆ ಸಹಿ ಹಾಕಬೇಕಾದ ಗೈಡ್‌ನಿಂದ ಹಾಡಹಗಲೇ ಆಗುವುದನ್ನು ಯಾವ ಗೇಟೂ ತಡೆಯಲಾರದು. ಅದಕ್ಕೆ ಬೇಕಾದದ್ದು ಹೆದರದೆ ದೂರು ಹೇಳಬಹುದಾದ ಜಾಗ. ಅಲ್ಲಿ ಕೂತು ಕೇಳುವವರನ್ನು ಆರಿಸುವಾಗ ವಿದ್ಯಾರ್ಥಿಗಳಿಗೂ ಮಾತಿಲ್ಲದಿದ್ದರೆ ಆ ಜಾಗ ಬರೀ ಬೋರ್ಡಾಗಿ ಉಳಿಯುತ್ತದೆ ಎಂಬುದನ್ನು ಕಳೆದ ಮೂರು ದಶಕಗಳ ಚರಿತ್ರೆಯೇ ತೋರಿಸುತ್ತದೆ.

ಈ ಚರಿತ್ರೆ ಶುರುವಾದದ್ದು ಕಾಲೇಜಿನಲ್ಲಲ್ಲ. ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯ ‘ಸಾಥಿನ್’ (ಗ್ರಾಮಮಟ್ಟದ ಕಾರ್ಯಕರ್ತೆ) ಆಗಿದ್ದ ಭಂವರಿ ದೇವಿ ಒಂದು ಬಾಲ್ಯವಿವಾಹ ತಡೆಯಲು ಹೋದರು. ಅದಕ್ಕೆ ಪ್ರತಿಯಾಗಿ 1992ರ ಸೆಪ್ಟೆಂಬರಿನಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ವೈದ್ಯಕೀಯ ತಪಾಸಣೆ ಆಗುವ ಹೊತ್ತಿಗೆ ಎರಡು ದಿನ ಕಳೆದಿತ್ತು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಆದರೆ ಸರ್ಕಾರದ ಕೆಲಸ ಮಾಡುತ್ತಿದ್ದವಳಿಗೆ ಆ ಕೆಲಸದಲ್ಲಿ ರಕ್ಷಣೆ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಹೊತ್ತು ಮಹಿಳಾ ಸಂಘಟನೆಗಳು ಅದಕ್ಕೂ ಮೊದಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದವು. 1997ರ ಆಗಸ್ಟ್ 13ರಂದು ಬಂದ ವಿಶಾಖಾ ತೀರ್ಪು, ಪ್ರತಿ ಸಂಸ್ಥೆಯಲ್ಲೂ ಮಹಿಳೆಯ ಅಧ್ಯಕ್ಷತೆಯ, ಹೊರಗಿನವರೂ ಇರುವ ದೂರು ಸಮಿತಿ ಬೇಕೆಂದಿತು. ಇಂದು ನಮ್ಮ ವಿದ್ಯಾರ್ಥಿನಿಯರಿಗಿರುವ ರಕ್ಷಣೆಯ ಬೇರು ಆ ಹಳ್ಳಿಯ ಹೆಂಗಸಿನ ಹಟದಲ್ಲಿದೆ.

ಆ ತೀರ್ಪನ್ನು ಕ್ಯಾಂಪಸ್ಸಿನ ಬದುಕಿಗೆ ಒಗ್ಗಿಸಿದ್ದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. 1999ರಲ್ಲಿ ಅಲ್ಲಿ ಹುಟ್ಟಿದ ‘ಜಿಎಸ್‌ಕ್ಯಾಶ್’ ಸಮಿತಿಗೆ ವಿದ್ಯಾರ್ಥಿಗಳೂ ಅಧ್ಯಾಪಕರೂ ಸಿಬ್ಬಂದಿಯೂ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಕಳಿಸುತ್ತಿದ್ದರು. ಚುನಾವಣೆಗೆ ನಿಂತವರು ಕಿರುಕುಳವೆಂದರೇನು, ಸಮ್ಮತಿಯೆಂದರೇನು ಎಂದು ಎಲ್ಲರೆದುರು ಮಾತಾಡಬೇಕಾಗುತ್ತಿತ್ತು. ತಡೆಗಟ್ಟುವ ಕೆಲಸ ನಡೆಯುವುದು ಹೀಗೆ.

2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ನೇಮಿಸಿದ ಕಾರ್ಯಪಡೆ 2013ರಲ್ಲಿ ‘ಸಕ್ಷಮ್’ ವರದಿ ಕೊಟ್ಟಿತು. ಸುರಕ್ಷತೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಓಡಾಟಕ್ಕೆ ಕಡಿವಾಣ ಹಾಕಬಾರದೆಂದು ಅದು ನೇರವಾಗಿಯೇ ಹೇಳಿತು. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳ ತಡೆಯಲು ಅದೇ ವರ್ಷ ಬಂದ ಕಾಯ್ದೆ ಮಾತ್ರ ಸಮಿತಿಯ ಸದಸ್ಯರನ್ನು ನೇಮಿಸುವ ಅಧಿಕಾರವನ್ನು ಸಂಸ್ಥೆಯ ಮುಖ್ಯಸ್ಥರ ಕೈಗೆ ಕೊಟ್ಟಿತು. 2017ರ ಸೆಪ್ಟೆಂಬರಿನಲ್ಲಿ ಜಿಎಸ್‌ಕ್ಯಾಶ್ ರದ್ದಾಗಿ, ಆಡಳಿತ ನೇಮಿಸಿದ ಆಂತರಿಕ ದೂರು ಸಮಿತಿ ಬಂತು. ಅದೇ ತಿಂಗಳು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳ ಮೇಲೆ ದೌರ್ಜನ್ಯವಾಯಿತು. ದೂರು ಹೇಳಿದರೆ ಅಷ್ಟು ಹೊತ್ತಿನಲ್ಲಿ ಹೊರಗೇಕಿದ್ದೆ ಎಂದು ಕೇಳಿದರೆಂದು ವಿದ್ಯಾರ್ಥಿನಿಯರು ಬೀದಿಗಿಳಿದರು. ಅವರ ಮೇಲೆ ಲಾಠಿ ಬಿತ್ತು.

ಚುನಾಯಿತ ಸಮಿತಿಯೆಂದರೆ ರಾಜಕೀಯ, ವಿಚಾರಣೆಗೆ ಬೇಕಾದದ್ದು ನಿಷ್ಪಕ್ಷಪಾತ ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕಲಾಗದು, ಗುಂಪುಗಾರಿಕೆ ಇರುವ ಕ್ಯಾಂಪಸ್ಸಿನಲ್ಲಿ ಆ ಭಯ ಸಹಜ. ಆದರೆ ನೇಮಕವಾದವರು ನೇಮಿಸಿದವರ ಋಣದಲ್ಲಿರುತ್ತಾರೆ, ಆರೋಪಿ ಹಿರಿಯ ಪ್ರಾಧ್ಯಾಪಕನಾದಾಗ ಆ ಋಣ ಭಾರವಾಗುತ್ತದೆ. ಇದನ್ನು ಬಲ್ಲ ಯುಜಿಸಿಯೇ 2016ರ ನಿಯಮಗಳಲ್ಲಿ ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರನ್ನು ಸಮಿತಿಯಿಂದ ಹೊರಗಿಟ್ಟಿತು. ವಿದ್ಯಾರ್ಥಿಗಳ ಪ್ರಕರಣದಲ್ಲಿ ಚುನಾವಣೆಯಿಂದ ಬಂದ ಮೂವರು ವಿದ್ಯಾರ್ಥಿಗಳು ಇರಲೇಬೇಕೆಂದಿತು. ಸುಳ್ಳು ದೂರಿನ ಭಯ ಹೇಳುವವರಿಗೂ ಕಾಯ್ದೆಯಲ್ಲೇ ಉತ್ತರವಿದೆ: ದುರುದ್ದೇಶದ ದೂರಿಗೆ ಶಿಕ್ಷೆಯುಂಟು, ಸಾಕ್ಷ್ಯ ಸಾಲದ ಮಾತ್ರಕ್ಕೆ ದೂರು ಸುಳ್ಳೆನಿಸದು. ಇನ್ನು ಪೊಲೀಸರಿರುವಾಗ ಸಮಿತಿ ಯಾಕೆ? ಅತ್ಯಾಚಾರ ಅಪರಾಧವೇ, ಅದು ಠಾಣೆಗೆ ಹೋಗಲೇಬೇಕು. ಆದರೆ ನಾಳೆಯ ಪರೀಕ್ಷೆಯಲ್ಲಿ ಆರೋಪಿಯೇ ಉತ್ತರಪತ್ರಿಕೆ ತಿದ್ದದಂತೆ ನೋಡಿಕೊಳ್ಳುವುದು, ನೊಂದವಳಿಗೆ ಮೂರು ತಿಂಗಳವರೆಗೆ ರಜೆ ಕೊಡಿಸುವುದು ಠಾಣೆಯ ಕೈಯಲ್ಲಿಲ್ಲ. ಅದು ಸಮಿತಿಯಿಂದ ಆಗಬೇಕಾದ ಕೆಲಸ.

ನಿಮ್ಮ ಮನೆಯ ಮಕ್ಕಳು ಕಾಲೇಜಿನಲ್ಲಿದ್ದರೆ, ಹಾಸ್ಟೆಲ್ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಕೇಳುವ ಮೊದಲು ಇದನ್ನು ಕೇಳಿ: ಆಂತರಿಕ ದೂರು ಸಮಿತಿಯಲ್ಲಿರುವ ಆ ಮೂವರು ವಿದ್ಯಾರ್ಥಿಗಳು ಯಾರು, ಅವರ ಚುನಾವಣೆ ಯಾವಾಗ ನಡೆಯಿತು?